ಬುಧವಾರದ ನಾಲ್ಕನೇ ಅವಧಿ

ಮೇ ಕೊನೆಯ ವಾರ. ಕರೆಂಟಿಲ್ಲ.
ಸ್ಟಾಫ್‌ರೂಮಿನ ಮೇಜಿನ ಮೇಲೆ ಡ್ರಾಯಿಂಗ್ ಹಾಳೆ,
ನಾಲ್ಕು ಮೂಲೆಗೆ ನಾಲ್ಕು ಡಸ್ಟರು.
ಶನಿವಾರದ ಅರ್ಧ ಕಳೆದರೆ ಮೂವತ್ತೊಂಬತ್ತು ಚೌಕ.
ಹನ್ನೊಂದು ವರ್ಷದಿಂದ ಇವನ್ನು ತುಂಬುತ್ತ ಬಂದವಳು ನಾನು,
ಊಟಕ್ಕೆ ಕೂತರೂ ಬೆರಳಿಗೆ ರಬ್ಬರಿನ ವಾಸನೆ.

ಈ ಸಲ ಮೇಲಿನವರ ಹೊಸ ಆದೇಶ:
ಒಂದು ವಸ್ತು ಆರಿಸಿ, ಎಲ್ಲ ವಿಷಯಗಳನ್ನೂ ಅದಕ್ಕೆ ಹೆಣೆಯತಕ್ಕದ್ದು.
ಅಂಕಣ ಐದು:
ವಿಷಯ, ಘಟಕ, ಅವಧಿ, ಕಲಿಕಾ ಫಲ, ಷರಾ.
ಪೆನ್ಸಿಲಿನಲ್ಲಿ ಬರೆದೆ: ನೌಬಾದಿನ ಸುರಂಗ ಬಾವಿ.
ಶಾಲೆಯಿಂದ ನಡೆದರೆ ಇಪ್ಪತ್ತು ನಿಮಿಷ,
ಒಂಬತ್ತನೆಯವರು ನಡೆದರೆ ನಲವತ್ತು.

ಧೂಳಪ್ಪ ಸರ್ ಮೊದಲು ಬಾಯಿ ತೆರೆದರು.
"ಅದು ನಂದ್ರೀ. ಇಷ್ಟು ದೂರಕ್ಕ ಇಷ್ಟೇ ಇಳಿಜಾರು.
ಜಾಸ್ತಿ ಆದ್ರ ಮಣ್ಣು ಕೊರಿತದ, ಕಮ್ಮಿ ಆದ್ರ ನೀರು ನಿಲ್ತದ.
ಇದು ಗಣಿತಲ್ದೆ ಮತ್ತೇನದ?"
ಜಗದೇವಿ ಚೀಲದಿಂದ ಜಂಬಿಟ್ಟಿಗೆ ತುಂಡೊಂದು ತೆಗೆದಿಟ್ಟಳು,
ತೂತು ತೂತು, ತುಕ್ಕಿನ ಬಣ್ಣ.
"ಮ್ಯಾಲ ಇದು, ಕೆಳಗ ಕರಿಗಲ್ಲು, ನಡುವ ನೀರು.
ಕಲ್ಲು ಬಿಟ್ಟು ನಿಮ್ಮ ಇಳಿಜಾರು ಎಲ್ಲಿ ನಿಲ್ತದ?"
ಸೋಮವಾರದ ತುಂಬ ಕೆಂಪು ಪುಡಿ ಉದುರಿತು.
ತಸ್ನೀಮ್ ಮೇಡಂ ಮೆಲ್ಲಗೆ, "ಕಾರೇಜ್ ಅನ್ನೋ ಮಾತೇ ಫಾರ್ಸಿ.
ಉರ್ದುಗೆ ಎರಡು ತಾಸರ ಬಿಡಿ."
ವೈಜಿನಾಥರಿಗೆ ಸುಲ್ತಾನರ ಇಸವಿಗಳೆಲ್ಲ ಬಾಯಿಪಾಠ.
ಅಗೆದವರ ಹೆಸರು ಕೇಳಿದೆ.
"ಸಿಲೆಬಸ್‌ನಾಗ ಇಲ್ಲ" ಅಂದರು, ಕನ್ನಡಕ ಒರೆಸಿಕೊಳ್ಳುತ್ತ.

ಗಾಳಿಬಾವಿ ಎಷ್ಟು ಎಂಬಲ್ಲಿ ಜಗಳ ಹತ್ತಿತು.
ಪುಸ್ತಕದಲ್ಲಿ ಒಂದು ಲೆಕ್ಕ, ಹೋಗಿ ಎಣಿಸಿದರೆ ಇನ್ನೊಂದು,
ಕೆಲವು ಪ್ಲಾಟಿನ ಕೆಳಗೆ ಹೋಗಿವೆ,
ಒಂದರ ಬಾಯಿಗೆ ಚಪ್ಪಡಿ ಎಳೆದು ಯಾರೋ ಸ್ಕೂಟರ್ ನಿಲ್ಲಿಸುತ್ತಾರೆ.
"ಮೊದಲು ಲೆಕ್ಕ, ಆಮ್ಯಾಲ ಕಥಿ."
"ಕಥಿ ಇಲ್ದ ಲೆಕ್ಕ ಯಾರಿಗಿ ಬೇಕಾಗ್ಯದ?"
ಬರೆದೆ, ಅಳಿಸಿದೆ, ಬರೆದೆ.
ಮಂಗಳವಾರದ ಬಳಿ ಹಾಳೆ ತೆಳ್ಳಗಾಗಿ ಹರಿಯಿತು.

ಚಹಾ ತಂದ ಮಾಣಿಕಪ್ಪ, ನಮ್ಮ ಜವಾನ,
ಕಪ್ಪಿಡಲು ಜಾಗ ಕಾಣದೆ ಹಾಳೆಯನ್ನೇ ನೋಡುತ್ತ ನಿಂತ.
"ನಮ್ಮಪ್ಪ ಹೂಳ ತೆಗಿಲಾಕ ಒಳಗ ಇಳಿತಿದ್ದ, ಬಾಯಾರ.
ದೀಪ ಆರಿದ್ರ ಕಣ್ಣಿಗಿ ಏನೂ ಕಾಣಲ್ಲ.
ನೀರು ಹಿಮ್ಮಡಿಗಿ ತಾಗಿದ್ರ ಊರ ಕಡಿ ಹೊಂಟೀದಿ,
ಬೆರಳಿಗಿ ತಾಗಿದ್ರ ತಾಯಿಬಾವಿ ಕಡಿ,
ಅಷ್ಟು ನೆಪ್ಪಿಟ್ರ ಸಾಕು, ಅಂತಿದ್ದ."

ಯಾರೂ ಮಾತಾಡಲಿಲ್ಲ.
ಧೂಳಪ್ಪ ಸರ್ ಮೇಜಿನ ಕೆಳಗೆ
ಒಂದು ಕಾಲಿನ ಚಪ್ಪಲಿ ಕಳಚಿದ್ದು ನನಗೆ ಕಂಡಿತು.
'ವಿಷಯ' ಎಂಬ ಅಂಕಣದ ಮೇಲೆ ಪೆನ್ಸಿಲು
ಬಹಳ ಹೊತ್ತು ಇಳಿಯದೆ ನಿಂತಿತು.
ಬುಧವಾರದ ನಾಲ್ಕನೇ ಅವಧಿ ಖಾಲಿ ಬಿಟ್ಟೆ.

ವಾರದಲ್ಲಿ ನಮೂನೆ ತಿರುಗಿ ಬಂತು, ಕೆಂಪು ಶಾಯಿ:
ಖಾಲಿ ಅವಧಿ ಇರತಕ್ಕದ್ದಲ್ಲ.
ಬೋಧಕರ ಹೆಸರು, ವಿದ್ಯಾರ್ಹತೆ ನಮೂದಿಸಿ.
ಮಾಣಿಕಪ್ಪ ಕಲಿತದ್ದು ನಾಲ್ಕನೇ ಇಯತ್ತೆ,
ಅದೂ ಪೂರ್ತಿ ಅಲ್ಲ.
'ಗ್ರಂಥಾಲಯ' ಎಂದು ಬರೆದೆ.
ನಮ್ಮ ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಬೀರು,
ಅದರ ಕೀಲಿ ಹಿಂದಿನ ಹೆಡ್‌ಮಾಸ್ತರರ ಜೊತೆ ವರ್ಗವಾಗಿ ಹೋಗಿದೆ.
ಮಂಜೂರಾಯಿತು. ಮೊಹರೂ ಬಿತ್ತು.

ಈಗ ಜುಲೈ.
ಮೂರನೇ ಗಂಟೆ ಹೊಡೆಯುವುದರೊಳಗೆ
ಒಂಬತ್ತನೆಯವರು ಗ್ರಂಥಾಲಯಕ್ಕೆ ಹೊರಡುತ್ತಾರೆ,
ಗೇಟು ದಾಟಿ, ರಸ್ತೆ ದಾಟಿ, ಸಾಲಾಗಿ.
ಮುಂದೆ ಮಾಣಿಕಪ್ಪ, ಇಸ್ತ್ರಿ ಹಾಕಿದ ಅಂಗಿ.
ಹಿಂದೆ ಧೂಳಪ್ಪ ಸರ್, ಬರೀ ಹಾಜರಿ ಹಿಡಿಯಲು ಅನ್ನುತ್ತಾರೆ,
ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದಾರೆ.

ನೀರಿನ ಅಂಚಿಗೆ ಬಂದಾಗ
ನೋಟ್‌ಬುಕ್ಕು ಎದೆಗವಚಿಕೊಂಡ ಹುಡುಗಿಯೊಬ್ಬಳು ಕೇಳಿದಳು,
"ಇದು ಪರೀಕ್ಷಾಕ ಬರ್ತದೇನ್ರೀ?"
ಮಾಣಿಕಪ್ಪ ನನ್ನ ಮುಖ ನೋಡಿದ. ನಾನು ಧೂಳಪ್ಪರ ಮುಖ.

"ಮೊದಲ ಚಪ್ಪಲಿ ಬಿಡವ್ವ" ಅಂದ.